ಬಿಸ್ಮಿಲ್ಲಾಬೀಯ ಸಮ ಹೊಡೆತ

ಬೀದರಿನ ಚೂನಾಗಲ್ಲಿಯ ಜನ ಬಿಸ್ಮಿಲ್ಲಾಬೀಯ ಬಗ್ಗೆ ಹೇಳುತ್ತಿದ್ದ ಮಾತು ಒಂದೆರಡಲ್ಲ. ಆಕೆ ಯಾರ ಮನೆಗೆ ಹೋದರೂ ಕೂಡುವುದಕ್ಕಿಂತ ಮೊದಲು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡುತ್ತಾಳೆ ಅನ್ನುತ್ತಿದ್ದರು. ಕಲ್ಲಂಗಡಿ ಬಡಿದು ಕೊಳ್ಳುವುದು ಎಲ್ಲರೂ ಮಾಡುವ ಕೆಲಸ, ಈಕೆ ಕಲ್ಲಂಗಡಿಯ ಜೊತೆಗೆ ಅದನ್ನು ಮಾರುವವನ ಬಂಡಿಯನ್ನೂ ಬಡಿದು ನೋಡುತ್ತಾಳೆ ಅನ್ನುತ್ತಿದ್ದರು. ಎದುರು ಸಾಲಿನ ಬದ್ರೋದ್ದೀನನದು ಇನ್ನೂ ಒಂದು ಕೈ ಮೇಲು. ನಿಕಾಹದ ದಿನ ಬಿಸ್ಮಿಲ್ಲಾಬೀ ಮೊದಲು ಕರೀಮ ಸಾಬನ ಎದೆ ಬಡಿದು ನೋಡಿದಳಂತೆ, ಒಳಗೆ ಭರ್ತಿ ಇದೆ ಅಂತ ಖಾತ್ರಿಯಾದ ಮೇಲೇ ಕಬೂಲ್ ಅಂದಳಂತೆ. ಈ ಕಥೆಯನ್ನು ಅವನು ಕರೀಮ ಸಾಬನ ಎದುರಿಗೇ ಹೇಳುತ್ತಿದ್ದ.

ಕರೀಮ ಸಾಬ, ಅಂದರೆ ಆಕೆಯ ಗಂಡ, ಸೈಕಲ್ ಮೇಲೆ ತಿರುಗಿ ಗ್ಯಾಸ್ ಒಲೆ ರಿಪೇರಿ ಮಾಡುವವನು. ಕಿವಿ ಸ್ವಲ್ಪ ಮಂದ. ಬೇಜಾರು ಮಾಡಿಕೊಳ್ಳುವ ಮನುಷ್ಯನಲ್ಲ. ತನ್ನ ಪಾಲಿನ ಕಿವಿಗಳೂ ಸೇರಿ ಹೆಂಡತಿಯ ಅಂಗಾಲಿನಲ್ಲಿ ಇವೆ, ಮನೆಗೆ ಅಷ್ಟು ಸಾಕು ಅಂತ ನಗುತ್ತಿದ್ದ.

ಹಾಗೆ ನೋಡಿದರೆ ಜನ ಹೇಳಿದ್ದು ಸುಳ್ಳೇನಲ್ಲ. ಬಿಸ್ಮಿಲ್ಲಾಬೀಯದು ಗಚ್ಚು ಬಡಿಯುವ ಮನೆತನ. ಸುಣ್ಣ, ಮರಳು, ಇಟ್ಟಿಗೆಯ ಚೂರು, ಬೆಲ್ಲದ ನೀರು ಇಷ್ಟನ್ನೂ ಕೊಳೆಹಾಕಿ ಕಲಸಿ, ಮಾಳಿಗೆಯ ಮೇಲೋ ನೆಲದ ಮೇಲೋ ಹರವಿ, ಥಾಪಿ ಅನ್ನುವ ಚಪ್ಪಟೆ ಕಟ್ಟಿಗೆಯಿಂದ ದಿನಗಟ್ಟಲೆ ಬಡಿದರೆ ಅದು ಗಚ್ಚು. ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಒಂದೇ ತಾಳಕ್ಕೆ ಬಡಿಯುತ್ತ, ಒಂದೊಂದು ಗೇಣು ಹಿಂದೆ ಸರಿಯುತ್ತ ಹೋಗಬೇಕು. ಒಬ್ಬಳ ಕೈ ಜೋರು ಇನ್ನೊಬ್ಬಳದು ಹಗುರ ಆದರೆ ಮುಂದಿನ ಮಳೆಗಾಲಕ್ಕೆ ಅಲ್ಲೇ ಬಿರುಕು. ಅದಕ್ಕೇ ಎಂಟು ವರ್ಷದವಳಿದ್ದಾಗಿನಿಂದ ಬಿಸ್ಮಿಲ್ಲಾಬೀ ತಾಯಿಯ ಪಕ್ಕದಲ್ಲಿ ಕೂತು ಕಲಿತದ್ದು ಎರಡೇ ಪಾಠ. ಮೊದಲನೆಯದು, ಸಾವಿರ ಏಟು ಹಾಕಿದರೂ ಸಾವಿರವೂ ಒಂದೇ ತೂಕದ್ದಾಗಿರಬೇಕು. ಎರಡನೆಯದು, ಏಟಿನ ಸದ್ದು ಎಲ್ಲಿ ಬೇರೆಯಾಗುತ್ತದೋ, ಕೆಳಗೆ ಪೊಳ್ಳು ಇದ್ದ ಹಾಗೆ ಎಲ್ಲಿ ಕೇಳುತ್ತದೋ, ಅಲ್ಲಿ ಮಾತ್ರ ಕೈ ಮೆತ್ತಗೆ ಮಾಡಬೇಕು. ಪೊಳ್ಳಿನ ಮೇಲೆ ಜೋರಾಗಿ ಬಡಿದರೆ ಗಚ್ಚು ಒಡೆಯುತ್ತದೆ. ಇಪ್ಪತ್ತು ವರ್ಷದವಳಾಗುವ ಹೊತ್ತಿಗೆ ಈ ಎರಡನೆಯ ಪಾಠವನ್ನು ಆಕೆ ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಕೈಗೆ ತಾನೇ ತಿಳಿಯುತ್ತಿತ್ತು.

ಲಗ್ನವಾದ ವರ್ಷ ಚೂನಾಗಲ್ಲಿಯ ಮನೆಯ ನೆಲ ಮಣ್ಣಿನದಿತ್ತು. ಊರಿನ ಮಾಳಿಗೆಗಳನ್ನೆಲ್ಲ ಬಡಿದ ಮಗಳು ಮಣ್ಣಿನ ಮೇಲೆ ಮಲಗುವುದೇ ಅಂತ ತಾಯಿಗೆ ಅನ್ನಿಸಿ, ತಾಯಿ ಮಗಳು ಇಬ್ಬರೇ ಹನ್ನೊಂದು ದಿನ ಕೂತು ಗಚ್ಚು ಹಾಕಿದರು. ಏಳನೆಯ ದಿನ ಬಡಗಣ ಮೂಲೆಗೆ ಬಂದಾಗ ತಾಯಿಯ ಥಾಪಿಯ ಸದ್ದು ಸಣ್ಣದಾಯಿತು. ಇಲ್ಲಿ ಮೆತ್ತಗೆ ಅಂದಳು, ಅಷ್ಟೆ. ಯಾಕೆ ಅಂತ ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ. ನೆಲ ಒಣಗಿ, ಎಣ್ಣೆ ಕುಡಿದು, ಕನ್ನಡಿಯ ಹಾಗೆ ಆದ ಮೇಲೆ ಆ ಮೂಲೆಯಲ್ಲಿ ಬಿಸ್ಮಿಲ್ಲಾಬೀ ತನ್ನ ತವರಿನ ಕಬ್ಬಿಣದ ಸಂದೂಕ ಇಟ್ಟಳು. ಮೂವತ್ತನಾಲ್ಕು ವರ್ಷ ಅದು ಅಲ್ಲೇ ಇತ್ತು. ಮಗಳು ಇರಮ ಹುಟ್ಟಿ, ಆ ನೆಲದ ಮೇಲೆ ಅಂಬೆಗಾಲಿಟ್ಟು, ಲಗ್ನವಾಗಿ ಬಗದಲ್‌ಗೆ ಹೋದಳು. ಸಂದೂಕ ಮಾತ್ರ ಸರಿಯಲಿಲ್ಲ.

ಇನ್ನು ಸೋನಾಲಿ ಈ ಕಥೆಯೊಳಗೆ ಬಂದದ್ದು ಹೇಗೆ ಅಂದರೆ, ಒಂದು ಹಳೆಯ ಕಟ್ಟಡದ ಮಾಳಿಗೆ ರಿಪೇರಿ ನಡೆದಿತ್ತು, ಬಿಸ್ಮಿಲ್ಲಾಬೀ ಮೇಲೆ ಕೂತು ಬಡಿಯುತ್ತಿದ್ದಳು. ಕೆಳಗೆ ಒಂದು ಜೀಪು ಬಂದು ನಿಂತಿತು. ಭಾಲ್ಕಿಯ ಹುಡುಗಿ ಸೋನಾಲಿ, ಹೈದರಾಬಾದಿನಲ್ಲಿ ಭೂಮಿಯ ಒಳಗಿನ ವಿದ್ಯೆ ಓದಿ ಬಂದವಳು, ಗೋಡೆಯ ಬುನಾದಿಯ ಕೆಳಗೆ ಏನಿದೆ ಅಂತ ಅಗೆಯದೇ ನೋಡುವುದಕ್ಕೆ ಬಂದಿದ್ದಳು. ಜೊತೆಗೆ ಅಖೀಲ. ಜೀಪು ಓಡಿಸುವವನೂ ಅವನೇ, ವಾಯರು ಹಾಸುವವನೂ ಅವನೇ, ಎಂಟು ಕಿಲೋದ ಸುತ್ತಿಗೆ ಎತ್ತಿ ನೆಲದ ಮೇಲಿನ ಉಕ್ಕಿನ ತಟ್ಟೆಗೆ ಹೊಡೆಯುವವನೂ ಅವನೇ. ನಲವತ್ತು ದಾಟಿದ ದೊಡ್ಡ ಹೊಟ್ಟೆಯ ಅಖೀಲನ ಮೊದಲ ಏಟು ಹುಲಿಯ ಹಾಗೆ ಬೀಳುತ್ತಿತ್ತು, ಎಂಟನೆಯದು ಬೆಕ್ಕಿನ ಹಾಗೆ. ಸೋನಾಲಿ ಪ್ರತಿಸಲ ತಲೆ ಅಲ್ಲಾಡಿಸುತ್ತಿದ್ದಳು.

ಮಾಳಿಗೆಯ ಮೇಲಿನಿಂದ ಅರ್ಧ ಗಂಟೆ ಇದನ್ನು ನೋಡಿದ ಬಿಸ್ಮಿಲ್ಲಾಬೀಗೆ ತಡೆಯಲಾಗಲಿಲ್ಲ. ಇಳಿದು ಬಂದು, ಅವನ ಕೈಯಿಂದ ಸುತ್ತಿಗೆ ಇಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂಟು ಏಟು ಹಾಕಿದಳು. ಸೋನಾಲಿ ಲ್ಯಾಪ್‌ಟಾಪಿನ ಪರದೆ ನೋಡಿದವಳು ಇನ್ನೊಮ್ಮೆ ಹಾಕಿರಿ ಅಂದಳು. ಇನ್ನೂ ಎಂಟು. ಏಟಿಗೊಂದರಂತೆ ಮೂಡಿದ ಹದಿನಾರು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆಯ ಹಾಗೆ ಕಾಣುತ್ತಿದ್ದವು. ಅಖೀಲ ಬೆವರು ಒರೆಸಿಕೊಳ್ಳುತ್ತ, ತನ್ನ ಅಮ್ಮಿಯ ದುವಾ ಕೊನೆಗೂ ಫಲಿಸಿತು ಅಂದ.

ಆವತ್ತಿನಿಂದ ಬಿಸ್ಮಿಲ್ಲಾಬೀ ಜೀಪಿನಲ್ಲಿ ಕೂತಳು. ಐವತ್ತೈದು ದಾಟಿದ ಹೆಂಗಸು ದಿನಕ್ಕೆ ಇನ್ನೂರು ಸಲ ಸುತ್ತಿಗೆ ಎತ್ತುತ್ತಾಳೆ ಅಂತ ಗಲ್ಲಿಯವರಿಗೆ ಅಚ್ಚರಿ. ಅವಳ ಅಚ್ಚರಿ ಬೇರೆಯದೇ ಇತ್ತು. ಹೊಡೆದ ಏಟು ಎಲ್ಲಿಗೆ ಹೋಗುತ್ತದೆ? ಇಷ್ಟು ವರ್ಷ ಅದು ಗಚ್ಚಿನೊಳಗೆ ಇಂಗಿತು ಅಂತ ತಿಳಿದಿದ್ದಳು. ಈಗ ನೋಡಿದರೆ ಅದು ಕೆಳಗೆ ಇಳಿದು, ತಿರುಗಾಡಿ, ಮೇಲೆ ಬರುತ್ತದಂತೆ. ಬಂದದ್ದನ್ನು ಕೇಳಿಸಿಕೊಳ್ಳಲಿಕ್ಕೆ ಸೋನಾಲಿ ಎರಡೆರಡು ಮೀಟರಿಗೆ ಒಂದರಂತೆ ಇಪ್ಪತ್ನಾಲ್ಕು ಮೊಳೆಗಾಲಿನ ಡಬ್ಬಿಗಳನ್ನು ನೆಲಕ್ಕೆ ಚುಚ್ಚುತ್ತಿದ್ದಳು. ಅವುಗಳಿಗೆ ಜಿಯೋಫೋನ್ ಅಂತ ಹೆಸರಿದ್ದರೂ ಬಿಸ್ಮಿಲ್ಲಾಬೀ ಕಿವಿಗಳು ಅಂತಲೇ ಕರೆದಳು. ಯಾವ ಕಿವಿಗೆ ಏಟು ಎಷ್ಟು ಹೊತ್ತಿಗೆ ಮುಟ್ಟಿತು ಅನ್ನುವುದೇ ಲೆಕ್ಕ.

ಭಾಲ್ಕಿಯ ಹತ್ತಿರ ಒಂದು ಕೆರೆಯ ಒಡ್ಡಿಗೆ ಜಾಗ ನೋಡುತ್ತಿದ್ದಾಗ, ಊಟದ ಹೊತ್ತಿನಲ್ಲಿ, ಆಕೆ ಬಾಯಿ ಬಿಟ್ಟು ಕೇಳಿದಳು. ಹತ್ತಿರದ ಕಿವಿಗೆ ಮೊದಲು ಕೇಳುವುದು ಸರಿ, ಆದರೆ ದೂರದ ಕಿವಿಗಳಿಗೆ ಅಷ್ಟು ಬೇಗ ಹೇಗೆ ಮುಟ್ಟುತ್ತದೆ? ಹತ್ತನೆಯ ಕಿವಿಯ ಆಚೆಗೆ ಏಟು ಒಮ್ಮೆಲೇ ಓಡಲು ಶುರು ಮಾಡುತ್ತದಲ್ಲ?

ಸೋನಾಲಿ ರೊಟ್ಟಿ ಮುರಿಯುತ್ತ ಅಖೀಲನ ಕಡೆ ತಿರುಗಿದಳು. ಬೀದರಿನಿಂದ ಹೊರಟು ಹತ್ತಿರದ ಹಳ್ಳಿಗೆ ಹೋಗಬೇಕಾದರೆ ಯಾವ ದಾರಿ ಹಿಡಿಯುತ್ತೀ ಅಂತ ಕೇಳಿದಳು. ಒಳದಾರಿ, ಅಂದ ಅವನು, ದೊಡ್ಡ ರಸ್ತೆಗೆ ಹೋಗಿ ಬರುವುದರೊಳಗೆ ಊರೇ ಬಂದಿರುತ್ತದೆ. ಭಾಲ್ಕಿಗೆ ಬರಬೇಕಾದರೆ? ದೊಡ್ಡ ರಸ್ತೆ. ಸುತ್ತಾದರೂ ಮೊದಲು ಮುಟ್ಟುತ್ತದೆ.

ಏಟೂ ಹಾಗೇ, ಅಂದಳು ಸೋನಾಲಿ. ಮೇಲಿನ ಮಣ್ಣು ಒಳದಾರಿ, ಅಲ್ಲಿ ಅದರ ಓಟ ನಿಧಾನ. ಕೆಳಗಿನ ಕರಿಕಲ್ಲು ದೊಡ್ಡ ರಸ್ತೆ. ದೂರದ ಕಿವಿಗೆ ಹೋಗುವ ಅಲೆ ಕೆಳಗಿಳಿದು, ಕಲ್ಲಿನ ಮೇಲೆ ಓಡಿ, ಮತ್ತೆ ಮೇಲೆ ಬಂದರೂ ಮಣ್ಣಿನ ಅಲೆಗಿಂತ ಮೊದಲು ಮುಟ್ಟುತ್ತದೆ. ಎಷ್ಟನೆಯ ಕಿವಿಯಿಂದ ದೊಡ್ಡ ರಸ್ತೆ ಗೆಲ್ಲಲು ಶುರು ಮಾಡುತ್ತದೋ ಅದರಿಂದ ಆ ರಸ್ತೆ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕಬಹುದು.

ಬಿಸ್ಮಿಲ್ಲಾಬೀಯ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಮತ್ತೆ ದಾರಿಯೇ ಇಲ್ಲದಿದ್ದರೆ? ನಡುವೆ ಪೊಳ್ಳು ಬಂದರೆ?

ಸುತ್ತು ಹಾಕಬೇಕಾಗುತ್ತದೆ, ಅಂದಳು ಸೋನಾಲಿ. ತಡವಾಗಿ ಬರುತ್ತದೆ, ಸೊರಗಿ ಬರುತ್ತದೆ. ಅದಕ್ಕೇ ಏಟು ಸಮ ಇರಬೇಕು. ಎಂಟೂ ಸಮ ಬಿದ್ದರೆ ಕೂಡಿಸಿದಾಗ ನೆಲದ ಮಾತು ಗಟ್ಟಿಯಾಗುತ್ತದೆ. ಲಾರಿ, ಗಾಳಿ, ದನದ ಕಾಲಿನ ಗದ್ದಲ ಪ್ರತಿಸಲ ಬೇರೆ ಬೇರೆ ಇರುವುದರಿಂದ ಒಂದನ್ನೊಂದು ಅಳಿಸಿಹಾಕುತ್ತವೆ. ಮತ್ತು ಸೊರಗಿ ಬಂದದ್ದು ನೆಲದ ಗುಣದಿಂದಲೋ, ನಮ್ಮ ಏಟಿನ ಗುಣದಿಂದಲೋ ಅಂತ ಗೊತ್ತಾಗಬೇಕಲ್ಲ.

ಆವತ್ತು ಮನೆಗೆ ಬಂದು ಬಿಸ್ಮಿಲ್ಲಾಬೀ ಇದನ್ನೆಲ್ಲ ಕರೀಮ ಸಾಬನಿಗೆ ಎರಡೆರಡು ಸಲ, ಜೋರಾಗಿ ಹೇಳಿದಳು. ಗಲ್ಲಿಯ ಅರ್ಧ ಜನಕ್ಕೂ ಪಾಠವಾಯಿತು.

ತಪ್ಪು ನಡೆದದ್ದು ಔರಾದ ತಾಲೂಕಿನ ಠಾಣಾ ಕುಶನೂರದಲ್ಲಿ. ಬಕ್ಕಪ್ಪ ಅನ್ನುವವನ ಹೊಲದ ಅಂಚಿನಲ್ಲಿ ಊರಿಗೆ ನೀರಿನ ಟಾಕಿ ಕಟ್ಟುವುದಿತ್ತು, ಕೆಳಗಿನ ನೆಲ ಗಟ್ಟಿ ಇದೆಯೇ ಅಂತ ನೋಡಬೇಕಿತ್ತು. ತೊಗರಿ ಕೊಯ್ದ ಹೊಲ. ಬಕ್ಕಪ್ಪ ಬದುವಿನ ಮೇಲೆ ಕೂತು, ತನ್ನ ಹೊಲ ತನಗೆ ಗೊತ್ತಿಲ್ಲವೇ, ಇದಕ್ಕೆ ಕಿವಿ ಬೇರೆ ಹಚ್ಚಬೇಕೇ ಅಂತ ಬೀಡಿ ಸೇದುತ್ತಿದ್ದ. ಅವನ ಹೆಂಡತಿ ಸಖುಬಾಯಿ ಕುರಿ ಬಿಟ್ಟುಕೊಂಡು ಆಚೆ ನಿಂತಿದ್ದಳು.

ಬೆಳಿಗ್ಗೆ ಎಲ್ಲ ಸುಸೂತ್ರ. ನಡುಹೊತ್ತಿಗೆ ಪರದೆಯ ಮೇಲಿನ ಗೆರೆಗಳು ಮೂರು ಜಾಗದಲ್ಲಿ ಸತ್ತ ಹಾಗೆ ಬಂದವು. ಸೋನಾಲಿ ತಟ್ಟೆ ಬದಲಿಸಿದಳು. ಕಿವಿ ಕಿತ್ತು ಬೇರೆ ಚುಚ್ಚಿದಳು. ವಾಯರು ಕುರಿ ಕಡಿದಿರಬೇಕು ಅಂತ ಅಖೀಲ ಅಂದದ್ದಕ್ಕೆ ಸಖುಬಾಯಿ ತನ್ನ ಕುರಿಗಳ ಶೀಲಕ್ಕೆ ಸಾಕ್ಷಿ ಹೇಳಿದಳು. ಮತ್ತೆ ಹೊಡೆದರು, ಮತ್ತೆ ಅಷ್ಟೆ. ಹೊತ್ತು ಇಳಿಯಲು ಬಂತು. ಆಗ ಸಖುಬಾಯಿ ಬದುವಿನಿಂದ ಇಳಿದು ಬಂದು, ಸೊಂಟದ ಮೇಲೆ ಕೈ ಇಟ್ಟು ಸೋನಾಲಿಗೆ ಹೇಳಿದಳು:

"ಬಾಯಾರ, ನಿಮ್ಮ ಮಶೀನ ಛಲೋ ಅದರಿ. ಈಕಿನೇ ಅಲ್ಲಿಗಿ ಬಂದಾಗ ಕೂಸಿನ ಬೆನ್ನ ತಟ್ಟಿದಂಗ ಹೊಡಿಲತ್ತಾಳ. ಮುಂಜಾನಿಂದ ನೋಡ್ಲತ್ತೀನಿ."

ಬಿಸ್ಮಿಲ್ಲಾಬೀಗೆ ಸಿಟ್ಟು ಬಂತು. ನಲವತ್ತೇಳು ವರ್ಷ ಪಳಗಿದ ಕೈ, ಅದರಲ್ಲಿ ಕುರಿ ಕಾಯುವವಳು ತಪ್ಪು ಹಿಡಿಯುವುದೇ? ಸುತ್ತಿಗೆ ಎತ್ತಿ ಅಲ್ಲೇ ಹೊಡೆದು ತೋರಿಸಿದಳು. ಈ ಸಲ ಎಲ್ಲರೂ ಸುತ್ತಿಗೆಯನ್ನೇ ನೋಡುತ್ತಿದ್ದರು. ಸುತ್ತಿಗೆ ತಲೆಯ ಮೇಲಿನಿಂದ ಸರಿಯಾಗಿಯೇ ಇಳಿಯಿತು, ಆದರೆ ತಟ್ಟೆ ಇನ್ನು ಒಂದು ಗೇಣು ದೂರ ಇರುವಾಗ ಮಣಿಕಟ್ಟು ತಾನೇ ಹಿಂದಕ್ಕೆ ಎಳೆಯಿತು. ಬಿಸ್ಮಿಲ್ಲಾಬೀಯೇ ಅದನ್ನು ನೋಡಿದಳು. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದಳು.

ಸೋನಾಲಿ ಅಖೀಲನಿಗೆ ಸುತ್ತಿಗೆ ಕೊಟ್ಟಳು. ಅವನ ಹುಲಿಯೇಟುಗಳನ್ನು ಮಾತ್ರ ಆರಿಸಿ ಕೂಡಿಸಿದಾಗ ಚಿತ್ರ ಬಂತು. ಗಟ್ಟಿ ನೆಲದ ನಡುವೆ, ಆ ಮೂರು ಜಾಗದ ಕೆಳಗೆ, ಸಡಿಲಾದ ಒಂದು ಕುಳಿ. ಪರದೆಯ ಮೇಲೆ ಅದನ್ನು ಕಂಡ ಬಕ್ಕಪ್ಪನ ಬೀಡಿ ಕೈಯಲ್ಲೇ ಆರಿತು. ಅವನ ಅಜ್ಜನ ಕಾಲದಲ್ಲಿ ಅಲ್ಲೊಂದು ಬಾವಿ ಇತ್ತಂತೆ, ಮಣ್ಣು ಕಸ ಹಾಕಿ ಮುಚ್ಚಿದ್ದರಂತೆ. ಸಣ್ಣವನಿದ್ದಾಗ ಕೇಳಿದ್ದ, ಮರೆತಿದ್ದ. ಟಾಕಿ ಅದರ ಮೇಲೆ ಕಟ್ಟಿದ್ದರೆ?

ತಿರುಗಿ ಬರುವಾಗ ಜೀಪು ಜನವಾಡ ದಾಟಿತು. ಆಮೇಲೆ ಬಿಸ್ಮಿಲ್ಲಾಬೀ ತಾಯಿಯ ಎರಡನೆಯ ಪಾಠವನ್ನು ಹೇಳಿದಳು. ಪೊಳ್ಳಿನ ಮೇಲೆ ಮೆತ್ತಗಾಗುವುದು ತನ್ನ ಕೈಗೆ ಹತ್ತಿದ ಗುಣ, ತನಗೇ ಗೊತ್ತಾಗುವುದಿಲ್ಲ ಅಂದಳು. ಸೋನಾಲಿಗೆ ನಗು ಬಂತು, ಆಮೇಲೆ ನಗು ಹೋಯಿತು.

"ಖಾಲಾ, ನಿಮ್ಮ ಕೈಗಿ ಮಶೀನಕಿಂತ ಮೊದಲು ತಿಳಿತದ. ಖರೇ. ಆದ್ರ ಪೊಳ್ಳು ಇದ್ದಲ್ಲೇ ನೀವು ಮೆತ್ತಗ ಹೊಡದ್ರ ನನ್ನ ಹಾಳಿ ಮ್ಯಾಲ ಏನೂ ಬರಂಗಿಲ್ಲ. ಕೈ ಹೇಳಿದ್ದು ಬಾಯಿಲೆ ಹೇಳ್ರಿ. ಸುತ್ತಿಗಿಲೆ ಹೇಳಬ್ಯಾಡ್ರಿ."

ಅಲ್ಲಿಂದ ಅದೊಂದು ರೂಢಿಯಾಯಿತು. ಕೈ ಹಿಂದೆಳೆದ ಕಡೆ ಬಿಸ್ಮಿಲ್ಲಾಬೀ "ಇಲ್ಲಿ" ಅಂತ ಗಟ್ಟಿಯಾಗಿ ಹೇಳುವಳು, ಹಲ್ಲು ಕಚ್ಚಿ ಎಂಟು ಸಮ ಏಟು ಹಾಕುವಳು. ಸೋನಾಲಿ ಹಾಳೆಯಲ್ಲಿ ಒಂದು ಚುಕ್ಕೆ ಇಡುವಳು. ಆಮೇಲೆ ಚಿತ್ರ ಬಂದಾಗ ಚುಕ್ಕೆ ಎಲ್ಲಿ, ಪೊಳ್ಳು ಎಲ್ಲಿ ಅಂತ ಇಬ್ಬರೂ ಮಕ್ಕಳ ಹಾಗೆ ಬಗ್ಗಿ ನೋಡುವರು. ಹತ್ತರಲ್ಲಿ ಏಳು ಸಲ ಕೂಡುತ್ತಿತ್ತು. ಕೂಡದ ಮೂರರ ಬಗ್ಗೆ ಬಿಸ್ಮಿಲ್ಲಾಬೀ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದಳು.

ಎರಡು ವರ್ಷ ಹೀಗೆ ಕಳೆಯಿತು. ಮುಂದಿನ ಮಳೆಗಾಲ ಜೋರಾಗಿ ಬಂತು. ಮಳೆ ನಿಂತ ಒಂದು ಮುಂಜಾನೆ ಬದ್ರೋದ್ದೀನ ಮನೆಯಿಂದ ಸ್ವಲ್ಪ ಆಚೆ ನಿಲ್ಲಿಸಿದ್ದ ತನ್ನ ಸ್ಕೂಟರಿಗೆ ಕಿಕ್ ಹೊಡೆದ. ಸ್ಕೂಟರು ಮುಂದೆ ಹೋಗುವ ಬದಲು ಕೆಳಗೆ ಹೋಯಿತು. ಚೂನಾಗಲ್ಲಿಯ ನಟ್ಟನಡುವೆ ಬಾಯಿ ತೆರೆದಿತ್ತು, ಗಾಡಿ ಒಳಗೆ, ಬದ್ರೋದ್ದೀನ ಹೊರಗೆ. ಕಲ್ಲು ಹಾಕಿ ನೋಡಿದರು. ಸದ್ದು ತಡವಾಗಿ ಬಂತು, ನೀರಿನ ಸದ್ದು.

ಬೀದರಿನವರಿಗೆ ಸುರಂಗ ಬಾವಿ ಹೊಸದಲ್ಲ. ಕೆಂಪುಕಲ್ಲಿನ ಕೆಳಗೆ ಕಾಲುವೆ ಕೊರೆದು ನೀರು ನಡೆಸಿದ್ದು ಸುಲ್ತಾನರ ಕಾಲದ ಮಾತು. ಆದರೆ ಚೂನಾಗಲ್ಲಿಯ ಕೆಳಗೂ ಒಂದು ಎಳೆ ಹಾದಿದೆ ಅಂತ ಯಾವ ನಕ್ಷೆಯಲ್ಲೂ ಇರಲಿಲ್ಲ. ಕಚೇರಿಯವರು ಬಂದು ನೋಡಿ ಹೋದರು. ಸುರಂಗ ಯಾವ ಯಾವ ಮನೆಯ ಕೆಳಗೆ ಹೋಗಿದೆ ಅಂತ ಮೊದಲು ತಿಳಿಯಬೇಕು, ಆ ಮನೆಗಳನ್ನು ಖಾಲಿ ಮಾಡಿಸಿ ಜನವಾಡದ ದಾರಿಯಲ್ಲಿ ಬೇರೆ ಮನೆ ಕೊಡುತ್ತೇವೆ, ಉಳಿದವರು ಇದ್ದಲ್ಲೇ ಇರಬಹುದು ಅಂದರು. ನೋಡುವ ಕೆಲಸ ಸೋನಾಲಿಗೆ ಬಂತು. ಅಂದರೆ ಹೊಡೆಯುವ ಕೆಲಸ ಬಿಸ್ಮಿಲ್ಲಾಬೀಗೆ.

ಅಲ್ಲಿಂದ ಆಕೆಯ ಮನೆಯಲ್ಲಿ ಚಹಾದ ಭಗೋಣಿ ಒಲೆಯಿಂದ ಇಳಿಯಲಿಲ್ಲ. ಬಂದವರೆಲ್ಲ ನೆಲದ ಕಡೆ ನೋಡಿ, ಚಾವಣಿಯ ಕಡೆ ನೋಡಿ, ಕೊನೆಗೆ ತಮ್ಮ ಮನೆಯ ಮುಂದೆ ಸ್ವಲ್ಪ ನೋಡಿಕೊಂಡು ಹೊಡೆಯಬೇಕು ಅನ್ನುವರು. ಸುತ್ತಿಗೆಯಿಂದ ಸುರಂಗವನ್ನು ಆಚೆ ಮನೆಗೆ ಸರಿಸಬಹುದು ಅಂತ ಅವರ ಎಣಿಕೆ. ಬದ್ರೋದ್ದೀನ ಎರಡು ಸಲ ಬಂದ. ಬಿಸ್ಮಿಲ್ಲಾಬೀ ಎಲ್ಲರಿಗೂ ಬಿಸ್ಕೀಟು ಕೊಟ್ಟು ಕಳಿಸಿದಳು.

ಆದರೆ ಆಕೆಗೆ ಒಂದು ವಿಷಯ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಸುತ್ತಿಗೆಯಿಂದ ಸುರಂಗ ಸರಿಸಲಾಗದು, ಬಚ್ಚಿಡಬಹುದು. ಮೆತ್ತಗೆ ಹೊಡೆದರೆ ಹಾಳೆ ಖಾಲಿ ಬರುತ್ತದೆ, ಖಾಲಿ ಹಾಳೆ ತೋರಿಸಿ ಯಾರನ್ನೂ ಮನೆ ಬಿಡಿಸಲಾಗದು. ಇನ್ನೂ ಒಂದು ಗೊತ್ತಿತ್ತು. ಕುಶನೂರದಿಂದ ಬಂದ ಮರುದಿನವೇ ಆಕೆ ಮನೆಯ ಬಡಗಣ ಮೂಲೆಯ ಸಂದೂಕದ ಮುಂದೆ ಬಹಳ ಹೊತ್ತು ಕೂತಿದ್ದಳು. ತಾಯಿಯ ಥಾಪಿಯ ಸದ್ದು ಸಣ್ಣದಾದದ್ದು ಅಲ್ಲಿ.

ಕರೀಮ ಸಾಬನಿಗೆ ಈ ಮನೆ ಬಿಟ್ಟರೆ ಬೇರೆ ಮನೆಯ ರುಚಿ ಗೊತ್ತಿಲ್ಲ. ಬೇಸಿಗೆಯ ಮಧ್ಯಾಹ್ನ ಅಂಗಿ ತೆಗೆದು ಗಚ್ಚಿನ ಮೇಲೆ ಬೆನ್ನು ಹಚ್ಚಿ ಮಲಗುವುದೇ ಅವನ ಜನ್ನತ್. ಸರ್ವೇಯ ಮುಂಜಾನೆ ಅವನು ಸೈಕಲ್ ತೆಗೆಯಲಿಲ್ಲ. ಹೆಂಡತಿ ಸೆರಗು ಸಿಕ್ಕಿಸುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ. ಆಮೇಲೆ ಅಂದ:

"ಮೆತ್ತಗ ಹೊಡಿ ಅಂತ ನಾ ಹೇಳಂಗಿಲ್ಲ. ಜೋರ ಹೊಡಿ ಅಂತನೂ ಹೇಳಂಗಿಲ್ಲ. ನನಗ ಹ್ಯಾಂಗೂ ಕೇಳಂಗಿಲ್ಲ."

ಗಲ್ಲಿಯುದ್ದಕ್ಕೂ ಇಪ್ಪತ್ನಾಲ್ಕು ಕಿವಿಗಳು ನಿಂತವು. ಗೋಡೆಗಳ ಮೇಲೆ ಅಖೀಲ ಸುಣ್ಣದ ಕಡ್ಡಿಯಿಂದ ಅಂಕಿ ಬರೆದ. ಯಾರೂ ಓಡಾಡಬಾರದು, ಏನೂ ಕುಟ್ಟಬಾರದು ಅಂತ ಸೋನಾಲಿ ಹೇಳಿದಾಗ ಗಲ್ಲಿಯವರು ಉಸಿರು ಬಿಗಿಹಿಡಿದು ಹೊಸ್ತಿಲುಗಳಲ್ಲಿ ನಿಂತರು. ಆಗಲೇ ಯಾರದೋ ಕುಕ್ಕರು ಸೀಟಿ ಹೊಡೆಯಿತು. ಅದಾದ ಮೇಲೆ ಒಂದು ಆಡು ಓಡಿತು, ಅದರ ಹಿಂದೆ ಅದರ ಯಜಮಾನಿ ಓಡಿದಳು. ಅಜಾನ್ ಆಯಿತು, ಮುಗಿಯುವ ತನಕ ಕಾದರು. ನಂತರ ಶುರುವಾಯಿತು.

ಒಂದು, ಎರಡು, ಮೂರು. ಪ್ರತಿ ಅಂಕಿಗೆ ಎಂಟು ಏಟು. ಬದ್ರೋದ್ದೀನನ ಮನೆ ಐದನೆಯ ಅಂಕಿಗೆ ಬಂತು. ಏಟು ಬಿದ್ದಾಗಲೆಲ್ಲ ಅವನು ಕಣ್ಣು ಮುಚ್ಚುತ್ತಿದ್ದ. ಎಂಟನೆಯ ಅಂಕಿಯಲ್ಲಿ ಬಿಸ್ಮಿಲ್ಲಾಬೀ "ಇಲ್ಲಿ" ಅಂದಳು. ಸೋನಾಲಿ ಚುಕ್ಕೆ ಇಟ್ಟಳು. ಒಂಬತ್ತನೆಯದು ಆಕೆಯ ಬಾಗಿಲಿನ ಮುಂದೆ.

ತಟ್ಟೆ ಇಟ್ಟರು. ಸುತ್ತಿಗೆ ಮೇಲೆದ್ದಿತು. ಇಳಿಯಿತು. ಸದ್ದು ಆಗಲೇ ಇಲ್ಲ ಅನ್ನುವಷ್ಟು ಮೆತ್ತಗೆ ಬಿತ್ತು. ಕೂಸಿನ ಬೆನ್ನು ತಟ್ಟಿದ ಹಾಗೆ.

ಗಲ್ಲಿಗೆ ಏನೂ ತಿಳಿಯಲಿಲ್ಲ. ಸೋನಾಲಿಗೆ ತಿಳಿಯಿತು, ಅಖೀಲನಿಗೂ. ಸೋನಾಲಿ ಪರದೆಯಿಂದ ತಲೆ ಎತ್ತಲಿಲ್ಲ. ಬೇಕಾದರೆ ಇದೊಂದು ಅಂಕಿ ಅಖೀಲ ಹೊಡೆಯಲಿ ಅಂತ ಸಣ್ಣ ದನಿಯಲ್ಲಿ ಅಂದಳು. ಬಿಸ್ಮಿಲ್ಲಾಬೀ ತನ್ನ ಬಲಗೈಯನ್ನು ನೋಡಿದಳು. ಅದನ್ನು ಎರಡು ಸಲ ಮುಷ್ಟಿ ಮಾಡಿ ಬಿಡಿಸಿದಳು. ಬಾಗಿಲಲ್ಲಿ ಕರೀಮ ಸಾಬ ನಿಂತಿದ್ದ. ಅವನಿಗೆ ಸದ್ದು ಕೇಳದಿದ್ದರೂ ಹೆಂಡತಿಯ ಮಣಿಕಟ್ಟನ್ನು ಮೂವತ್ತನಾಲ್ಕು ವರ್ಷದಿಂದ ನೋಡಿದವನು.

"ಅಖೀಲನ ಏಟು ಸಮ ಬೀಳಂಗಿಲ್ಲ," ಅಂದಳು ಬಿಸ್ಮಿಲ್ಲಾಬೀ. "ಈಗ ಹೊಡದದ್ದು ಅಳಸು, ಬೇಟಿ. ಅದು ಅಮ್ಮಾನ ಕೈ. ಇನ್ನ ನಂದು."

"ಇಲ್ಲಿ" ಅಂದಳು, ಎಲ್ಲರಿಗೂ ಕೇಳುವ ಹಾಗೆ. ಸುತ್ತಿಗೆ ಎಂಟು ಸಲ ಎದ್ದಿತು, ಎಂಟು ಸಲ ಬಿತ್ತು. ಮೂರನೆಯ ಏಟಿಗೆ ಒಳಗಿನ ಮಾಡದಿಂದ ತಾಮ್ರದ ಮುಚ್ಚಳ ಉರುಳಿ ಬಿದ್ದು ಗಿರಗಿರನೆ ತಿರುಗಿತು. ಅದು ನಿಲ್ಲುವ ತನಕ ಕಾದು ನಾಲ್ಕನೆಯದು ಹಾಕಿದಳು.

ಹದಿನಾಲ್ಕನೆಯ ಅಂಕಿಯ ತನಕ ಮುಗಿದ ಮೇಲೆ ಸೋನಾಲಿ ಲೆಕ್ಕ ಹಾಕಿದಳು. ಎಂಟರಿಂದ ಒಂಬತ್ತೂವರೆಯ ತನಕ ಅಲೆ ತಡವಾಗಿ, ಸೊರಗಿ ಬಂದಿತ್ತು. ಸುರಂಗ ಅಲ್ಲಿ ಗಲ್ಲಿಯನ್ನು ದಾಟುತ್ತದೆ, ಅದು ಖಾತ್ರಿ. ಆದರೆ ದಾಟಿ ಯಾವ ಕಡೆ ತಿರುಗುತ್ತದೆ? ಬಿಸ್ಮಿಲ್ಲಾಬೀಯ ಮನೆಯ ಕೆಳಗೆ ನೇರವಾಗಿಯೋ, ಮನೆಗೂ ಪಕ್ಕದ ಗೋಡೆಗೂ ನಡುವೆ ಜಾರಿಯೋ? ಗಲ್ಲಿಯಲ್ಲಿ ನಿಂತು ಹೇಳಲಾಗದು. ಅನುಮಾನದ ಲಾಭ ಮನೆಗೇ ಸಿಗಬಹುದು ಅಂತ ಸೋನಾಲಿ ತಡೆದು ತಡೆದು ಹೇಳಿದಳು. ಅದನ್ನು ಹೇಳುವಾಗ ಅವಳ ಮುಖ ಬೇರೆ ಕಡೆ ಇತ್ತು.

"ಅನುಮಾನ ಇಟಗೊಂಡು ಮಲಗೋದು ಹ್ಯಾಂಗ?" ಅಂದಳು ಬಿಸ್ಮಿಲ್ಲಾಬೀ. ಆಮೇಲೆ ಇನ್ನೊಂದು ಮಾತು ಸೇರಿಸಿದಳು, ಅದೇ ಖರೆ ಮಾತು ಇರಬೇಕು: "ನನಗ ನೋಡಬೇಕಾಗ್ಯಾದ."

ಕಿವಿಗಳನ್ನು ಮನೆಯೊಳಗೆ, ಹಿತ್ತಲಿನ ತನಕ ಹಾಸಿದರು. ಗಚ್ಚಿಗೆ ಮೊಳೆ ಇಳಿಯದ್ದಕ್ಕೆ ಹಸಿಮಣ್ಣಿನ ಮುದ್ದೆ ಇಟ್ಟು ಅದರಲ್ಲಿ ನಿಲ್ಲಿಸಿದರು. ಅಖೀಲ, ಕರೀಮ ಸಾಬ ಇಬ್ಬರೂ ಸೇರಿ ಸಂದೂಕ ಎಳೆದರು. ಕೆಳಗಿನ ಗಚ್ಚು ಹಾಕಿದ ದಿನದ ಹಾಗೇ ಹೊಳೆಯುತ್ತಿತ್ತು. ಇಲ್ಲಿ ತಟ್ಟೆ ಇಟ್ಟು ಹೊಡೆದರೆ ನೆಲ ಒಡೆಯುತ್ತದೆ, ಅಂದಳು ಸೋನಾಲಿ. ಗೊತ್ತು ಅನ್ನುವ ಹಾಗೆ ಬಿಸ್ಮಿಲ್ಲಾಬೀ ಗೋಣು ಹಾಕಿದಳು.

ಮೊದಲ ಏಟಿಗೆ ಏನೂ ಆಗಲಿಲ್ಲ, ಆ ನೆಲ ಅಷ್ಟು ಗಟ್ಟಿ. ಎರಡನೆಯದಕ್ಕೆ ತಟ್ಟೆಯ ಅಂಚಿನಿಂದ ಒಂದು ಕೂದಲೆಳೆ ಹೊರಟಿತು. ಐದನೆಯದಕ್ಕೆ ಅದು ಗೋಡೆ ಮುಟ್ಟಿತು. ಎಂಟೂ ಸಮ ಬಿದ್ದವು. ಸೋನಾಲಿಯ ಪರದೆಯ ಮೇಲೆ ಎಂಟು ಗೆರೆ ಒಂದೇ ಗೆರೆಯಾಗಿ ನಿಂತವು.

ಹಿತ್ತಲಿನಲ್ಲಿ ಕೂತು ಚಿತ್ರ ನೋಡಿದರು. ಮೇಲೆ ಮಣ್ಣಿನ ನೀಲಿ, ಕೆಳಗೆ ಕೆಂಪುಕಲ್ಲಿನ ಹಳದಿ, ಅದರ ಕೆಳಗೆ ಕರಿಕಲ್ಲಿನ ಕೆಂಪು. ಹಳದಿಯ ನಡುವೆ ಒಂದು ನೀಲಿ ಕಣ್ಣು, ಬಡಗಣ ಮೂಲೆಯಿಂದ ಹೊರಟು ಒಲೆಯ ಕೆಳಗಿನಿಂದ ಹಿತ್ತಲಿಗೆ. ಬಿಸ್ಮಿಲ್ಲಾಬೀ ಕೇಳಿದ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಎಷ್ಟು ಆಳ? ನಾಲ್ಕು ಮೀಟರಿನ ಆಸುಪಾಸು. ಎತ್ತರ? ಒಬ್ಬ ಮನುಷ್ಯ ನಿಲ್ಲುವಷ್ಟು. ನೀರು? ಕೆಳಗಿನ ಅರ್ಧದಲ್ಲಿ ಇರಬಹುದು, ಖಾತ್ರಿ ಇಲ್ಲ. ಕೊರೆದವರು ಮೇಲಿನಿಂದ ನೋಡದೇ ಇಷ್ಟು ನೆಟ್ಟಗೆ ಹೇಗೆ ಕೊರೆದರು? ಅದು ನನಗೂ ಗೊತ್ತಿಲ್ಲ ಖಾಲಾ, ಅಂದಳು ಸೋನಾಲಿ. ಬಿಸ್ಮಿಲ್ಲಾಬೀ ನೀಲಿ ಕಣ್ಣಿನ ಮೇಲೆ ಬೆರಳಿಟ್ಟು, ಇಷ್ಟು ವರ್ಷ ನಾವು ಮಲಗಿದ ಮೇಲೂ ಕೆಳಗೆ ನೀರು ನಡೆದಾಡುತ್ತಿತ್ತು ನೋಡು ಅಂತ ಗಂಡನಿಗೆ ಕೂಗಿ ಹೇಳಿದಳು. ಕರೀಮ ಸಾಬ ಪರದೆಯನ್ನಲ್ಲ, ಅವಳ ಮುಖವನ್ನು ನೋಡುತ್ತಿದ್ದ. ಮನೆ ಹೋಯಿತು ಅನ್ನುವುದು ಅವನಿಗೆ ತಿಳಿದಿತ್ತು. ಅವಳಿಗೂ ತಿಳಿದಿತ್ತು. ಆದರೆ ಆ ಹೊತ್ತಿಗೆ ಅವಳು ಎಂಟು ವರ್ಷದ ಹುಡುಗಿಯ ಹಾಗೆ ಕಾಣುತ್ತಿದ್ದಳು ಅಂತ ಆಮೇಲೆ ಅವನೇ ಇರಮಳಿಗೆ ಹೇಳಿದ.

ನಾಲ್ಕು ಮನೆಗಳಿಗೆ ಕಾಗದ ಬಂತು. ಬದ್ರೋದ್ದೀನನ ಮನೆ ಗಟ್ಟಿ ಕಲ್ಲಿನ ಮೇಲಿತ್ತು. ಸ್ಕೂಟರು ಕಳೆದುಕೊಂಡವನು ಮನೆ ಉಳಿಸಿಕೊಂಡ. ಅವನು ಮೂರು ದಿನ ಬಿಸ್ಮಿಲ್ಲಾಬೀಗೆ ಮುಖ ಕೊಡಲಿಲ್ಲ, ನಾಲ್ಕನೆಯ ದಿನ ಸಾಮಾನು ಹೇರಲಿಕ್ಕೆ ಎಲ್ಲರಿಗಿಂತ ಮೊದಲು ಬಂದ. ಸಂದೂಕದ ಒಂದು ಕಡೆ ಹಿಡಿದು, ಅದನ್ನು ಬೆರಳಿನ ಗೆಣ್ಣಿನಿಂದ ಬಡಿದು, ಒಳಗೆ ಭರ್ತಿ ಅದ ಆಪಾ ಅಂದ. ಆವತ್ತು ಆಕೆ ನಕ್ಕದ್ದು ಅದೊಂದೇ ಸಲ.

ಹೊಸ ಮನೆಗೆ ಸಿಮೆಂಟಿನ ನೆಲ. ಅಲ್ಲಿ ಹೋಗಿ ಮೊದಲು ಹಿಮ್ಮಡಿ ಕುಟ್ಟಿ ನೋಡಿದಳು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಹಳೆಯ ಮನೆಯ ಬೀಗದ ಕೈ ಒಪ್ಪಿಸುವ ದಿನ ಬಗದಲ್‌ನಲ್ಲಿ ಸರ್ವೇ ಇತ್ತು. ಜೀಪನ್ನು ಗಲ್ಲಿಯ ಬಾಯಲ್ಲಿ ನಿಲ್ಲಿಸಿ ಅಖೀಲ ಹಾರ್ನ್ ಹೊಡೆಯದೆ ಕಾದ. ಬಿಸ್ಮಿಲ್ಲಾಬೀ ಒಬ್ಬಳೇ ಒಳಗೆ ಹೋದಳು. ಗೋಡೆಗೆ ತೂಗಿದ್ದ ತಾಯಿಯ ಥಾಪಿ ಒಂದು ಉಳಿದಿತ್ತು, ಬೇಕೆಂದೇ ಉಳಿಸಿದ್ದಳು. ಅದನ್ನು ಇಳಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಬಾಗಿಲಿನ ಕಡೆಯಿಂದ ಶುರು ಮಾಡಿ, ಒಂದೊಂದು ಗೇಣು ಸರಿಯುತ್ತ ನೆಲ ಬಡಿಯುತ್ತ ಹೋದಳು. ಹೊರಗೆ ಸೋನಾಲಿಗೆ ಆ ತಾಳ ಕೇಳುತ್ತಿತ್ತು. ಬಡಗಣ ಮೂಲೆಗೆ ಬಂದಾಗ ಏಟು ಮೆತ್ತಗಾಯಿತು. ಈ ಸಲ ಕೈಯನ್ನು ತಡೆಯಲಿಲ್ಲ. ಒಡೆದ ಗೆರೆಯ ಎರಡೂ ಕಡೆ ನಾಲ್ಕು ನಾಲ್ಕು ಸಲ, ಮೆತ್ತಗೆ ಬಡಿದು ಎದ್ದಳು.

ಹೊರಗೆ ಬಂದು ಬಾಗಿಲು ಎಳೆದಳು, ಬೀಗ ಹಾಕಿದಳು, ಬೀಗದ ಕೈಯನ್ನು ಕಚೇರಿಯವನ ಅಂಗೈಯಲ್ಲಿಟ್ಟಳು. ಗೋಡೆಯ ಮೇಲೆ ಸುಣ್ಣದ ಕಡ್ಡಿಯ ಒಂಬತ್ತು ಇನ್ನೂ ಅಳಿಸಿರಲಿಲ್ಲ. ಥಾಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗಲ್ಲಿಯಲ್ಲಿ ನಡೆದಳು. ಎಂಟರ ತನಕ, ಕೆಳಗೆ ಸುರಂಗ ಇದ್ದಷ್ಟು ದೂರ, ಅವಳ ಚಪ್ಪಲಿಯ ಸದ್ದೇ ಬರಲಿಲ್ಲ. ಏಳನೆಯ ಅಂಕಿಯಿಂದ ಬರತೊಡಗಿತು. ಐದರ ಹತ್ತಿರ ಬದ್ರೋದ್ದೀನ ಹೊಸ್ತಿಲಲ್ಲಿ ಎದ್ದು ನಿಂತ. ಅವಳು ಅವನಿಗೆ ಸಲಾಮು ಹೇಳಿ, ಜೀಪು ಹತ್ತಿ, ಬಗದಲ್‌ನ ನೆಲ ಎಂಥದ್ದು ಅಂತ ಸೋನಾಲಿಯನ್ನು ಕೇಳಿದಳು.